ಪರದೇಶ ಪ್ರವಾಸಕ್ಕೆ ಬೇಕಾಗುವ ಕಾಗದಪತ್ರಗಳು

ಪಾಸ್‌ಪೋರ್ಟು ಕೈಗೆ ಬಂದಿತೆಂದರೆ ಪರದೇಶದ ಬಾಗಿಲು ತೆರೆದಂತೆಯೇ ಎಂದು ನಮ್ಮ ಸಹಪಾಠಿಗಳಲ್ಲಿ ಅನೇಕರು ತಿಳಿದಿದ್ದಾರೆ. ನಾನೂ ಹಾಗೆಯೇ ತಿಳಿದಿದ್ದೆನು. ಪಾಸ್‌ಪೋರ್ಟು ಕೊಡುವುದು ನಮ್ಮ ಸರಕಾರ; ವೀಸಾ ಕೊಡುವುದು ನಾವು ಹೋಗಬೇಕೆಂದಿರುವ ದೇಶ. ಮೊದಲನೆಯದು ನಾವು ಯಾರೆಂಬುದಕ್ಕೆ ಸಾಕ್ಷಿ. ಎರಡನೆಯದಕ್ಕೆ ನಮ್ಮಲ್ಲಿ ಹಣವೆಷ್ಟಿದೆ, ಅದು ಎಲ್ಲಿಂದ ಬಂದಿತು ಎಂಬುದಕ್ಕೂ ಸಾಕ್ಷಿ ಬೇಕು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲೂಕುಗಳ ಒಕ್ಕಲುತನದ ಮನೆಗಳಿಂದ ಬಂದ ನಮಗೆ ತೊಡಕಾಗುವುದು ಇಲ್ಲಿಯೇ.

ಪಾಸ್‌ಪೋರ್ಟಿನ ವಿಷಯವನ್ನು ಬೇಗ ಮುಗಿಸುತ್ತೇನೆ. ಹಿಂದೆ ಅದನ್ನು ಕೊಡುವುದು ಬಿಡುವುದು ಸರಕಾರದ ಮರ್ಜಿಯಾಗಿತ್ತು. ಪರದೇಶಕ್ಕೆ ಹೋಗುವ ಹಕ್ಕು ಸಂವಿಧಾನದ 21ನೆಯ ಅನುಚ್ಛೇದದಲ್ಲಿ ಅಡಕವಾಗಿದೆಯೆಂದು 1967ರಲ್ಲಿ ಸುಪ್ರೀಂ ಕೋರ್ಟು ತೀರ್ಪಿತ್ತಿತು. ಅದೇ ವರ್ಷ ಪಾಸ್‌ಪೋರ್ಟ್ ಕಾಯಿದೆಯೂ ಬಂದಿತು. ಅಂಚೆ ಕಚೇರಿಯಲ್ಲಿಯೇ ಪಾಸ್‌ಪೋರ್ಟಿಗೆ ಅರ್ಜಿ ಪಡೆಯುವ ಏರ್ಪಾಡು 2017ರ ಜನವರಿಯಲ್ಲಿ ಮೈಸೂರಿನಲ್ಲಿ ಮೊದಲಾಯಿತು. ವಯಸ್ಕರಿಗೆ ಅದರ ಅವಧಿ 10 ವರ್ಷ. ಹೆಸರು ಮೊದಲಕ್ಷರಗಳಲ್ಲಿರದೆ ಪೂರ್ಣವಾಗಿರಬೇಕು. ಈ ಮಾತಿನಲ್ಲಿ, ಅಡ್ಡಹೆಸರುಳ್ಳ ನಾವು ಮೈಸೂರು ಸೀಮೆಯ ಮಿತ್ರರಿಗಿಂತ ಸುಖಿಗಳೆನ್ನಬೇಕು!

ಆದರೆ ಎಲ್ಲ ಪಾಸ್‌ಪೋರ್ಟುಗಳೂ ಒಂದೇ ಅಲ್ಲ. ಹತ್ತನೆಯ ಇಯತ್ತೆ ಪಾಸಾಗದವರಿಗೆ ಸಾಮಾನ್ಯವಾಗಿ ‘ವಲಸೆ ತಪಾಸಣೆ ಅಗತ್ಯ’ವೆಂಬ ವರ್ಗದ ಪಾಸ್‌ಪೋರ್ಟು ಸಿಗುತ್ತದೆ. ಅಂಥವರು ಸೌದಿ ಅರೇಬಿಯ, ಕುವೈತ್, ಕತಾರ್ ಮೊದಲಾದ 18 ದೇಶಗಳಿಗೆ ದುಡಿಯಲು ಹೋಗುವಾಗ 1983ರ ವಲಸೆ ಕಾಯಿದೆಯ ಮೇರೆಗೆ ಸರಕಾರದ ಅಪ್ಪಣೆ ಪಡೆಯಬೇಕು. ದಲ್ಲಾಳಿಗಳಿಂದ ಮೋಸ ಹೋಗದಿರಲೆಂದು ಮಾಡಿದ ಕಟ್ಟಳೆಯಿದು, ತಪ್ಪೆನ್ನಲಾರೆ. ಆದರೂ ನಾನು ಓದಲೆಂದು ಏಳನೆಯ ಇಯತ್ತೆಗೆ ಶಾಲೆ ಬಿಟ್ಟ ನನ್ನ ಅಣ್ಣನಿಗೆ ಇದನ್ನು ತಿಳಿಸಿ ಹೇಳುವಾಗ ನನಗೆ ಮಾತು ಸರಿಯಾಗಿ ಹೊರಡಲಿಲ್ಲ.

ಇನ್ನು ಹಣದ ಮಾತು. ಜರ್ಮನಿಗೆ ಓದಲು ಹೋಗುವವರು ಒಂದು ವರ್ಷದ ಖರ್ಚನ್ನು ಮೊದಲೇ ಪ್ರತಿಬಂಧಿತ ಖಾತೆಯಲ್ಲಿ ಇಡುವುದು ರೂಢಿ. 2024ರ ಸೆಪ್ಟೆಂಬರಿನಲ್ಲಿ ಗೊತ್ತುಪಡಿಸಿದ ಮೊತ್ತ 11,904 ಯೂರೊ. ತಿಂಗಳಿಗೆ 992ರಂತೆ ಕೈಗೆ ಬರುತ್ತದೆ. ಬ್ರಿಟನ್ನಿನ ರೀತಿ ಬೇರೆ. ಶುಲ್ಕದ ಬಾಕಿಯೂ 9 ತಿಂಗಳವರೆಗಿನ ಜೀವನವೆಚ್ಚವೂ ಬ್ಯಾಂಕಿನಲ್ಲಿ ಸತತ 28 ದಿನ ಇರಬೇಕು. ಒಂದು ದಿನ ಕಡಿಮೆಯಾದರೂ ಅರ್ಜಿ ಬೀಳಬಹುದು.

ನಮ್ಮ ಸಂಪತ್ತಿನ ಸ್ವರೂಪವೇನು? ಅದು ಉತಾರದಲ್ಲಿದೆ, ಕೊಟ್ಟಿಗೆಯಲ್ಲಿದೆ, ಇಂಡಿಯ ನಿಂಬೆಯ ತೋಟದಲ್ಲಿದೆ. ತೊಗರಿ ಮಾರಿದಾಗ ಹಣ ಒಮ್ಮೆಗೇ ಬರುತ್ತದೆ. ಬೀಜ, ಗೊಬ್ಬರ, ಸಾಲವೆಂದು ಒಮ್ಮೆಗೇ ಹೋಗುತ್ತದೆ. ಕೃಷಿ ಆದಾಯಕ್ಕೆ ಆದಾಯ ತೆರಿಗೆಯಿಲ್ಲವಾದ್ದರಿಂದ ತೆರಿಗೆಯ ಲೆಕ್ಕಪತ್ರವೂ ನಮ್ಮ ಮನೆಗಳಲ್ಲಿ ಇರುವುದಿಲ್ಲ. ಪ್ರವಾಸಿ ವೀಸಾ ಕೇಳುವವರಿಂದ ಅನೇಕ ದೇಶಗಳು ಅಪೇಕ್ಷಿಸುವುದು ಅದನ್ನೇ! ಹತ್ತು ಎಕರೆ ಎರೆಹೊಲದ ಒಡೆಯನಿಗಿಂತ ಸಣ್ಣ ಸಂಬಳದ ಗುಮಾಸ್ತನ ಕಡತ ಚೊಕ್ಕಟವಾಗಿ ಕಾಣುವುದು ಈ ಕಾರಣದಿಂದಲೇ. ಆದುದರಿಂದ ಅಡತಿ ಅಂಗಡಿಯ ಪಟ್ಟಿಗಳನ್ನು ಕಾದಿಡಬೇಕು. ಮಾರಾಟದ ಹಣವನ್ನು ಖಾತೆಗೇ ಜಮಾ ಮಾಡಿಸಬೇಕು.

ನಾನು ಎಂ.ಎ.ಗೆ ಬ್ರಿಟನ್ನಿಗೆ ಹೋಗಬಹುದೇ ಎಂದು ವಿಚಾರಿಸಿದಾಗ ದಲ್ಲಾಳಿಯೊಬ್ಬರು, “ಸಾಹುಕಾರರ ಕಡೆ ಬಡ್ಡಿಗೆ ತಂದು 28 ದಿನ ಇಟ್ಟು ತೆಗೆದುಬಿಡ್ರಿ” ಎಂದರು. ಇದು ಕಾಯಿದೆಗೆ ವಿರುದ್ಧ. ಆ ಹಣ ನಿಜವಾಗಿ ನಮ್ಮ ಓದಿಗೆ ಒದಗುವಂಥದ್ದಾಗಿರಬೇಕು. ಸುಳ್ಳು ದಾಖಲೆ ಸಿಕ್ಕಿದರೆ ಹತ್ತು ವರ್ಷದವರೆಗೂ ಬಾಗಿಲು ಮುಚ್ಚಬಹುದು. ಮೇಲಾಗಿ ಅಲ್ಲಿ ನಡೆಯುವುದು ವಿದ್ಯಾರ್ಥಿಯ ಅಥವಾ ತಂದೆ-ತಾಯಿಗಳ ಖಾತೆ, ಇಲ್ಲವೆ ಮಾನ್ಯ ಬ್ಯಾಂಕಿನ ಶಿಕ್ಷಣ ಸಾಲ. ತಂದೆಯ ಖಾತೆಯಾದರೆ ಜನನ ಪ್ರಮಾಣಪತ್ರವೂ ಒಪ್ಪಿಗೆ ಪತ್ರವೂ ಬೇಕು. ಅಣ್ಣನ ಖಾತೆ ನಡೆಯುವುದಿಲ್ಲ.

ನಮ್ಮ ಮನೆಯಲ್ಲಿ ದುಡಿಯುವವನು ಅಣ್ಣ; ಖಾತೆಯಿರುವುದೂ ಅವನದೇ. “ಹಂಗಾರ ನಾ ನಿನಗ ಯಾರೂ ಅಲ್ಲೇನು?” ಎಂದು ಅವನು ನಕ್ಕನು. ಮರುದಿನವೇ ಅಪ್ಪನನ್ನು ಕರೆದುಕೊಂಡು ಬ್ಯಾಂಕಿಗೆ ಹೋದೆವು. ಅಪ್ಪನ ಹೆಸರು ಆಧಾರಿನಲ್ಲಿ ಒಂದು ಬಗೆ, ನನ್ನ ಜನನ ಪ್ರಮಾಣಪತ್ರದಲ್ಲಿ ಇನ್ನೊಂದು ಬಗೆ ಇರುವುದು ಆಗ ಗೊತ್ತಾಯಿತು. ಸದ್ಯ ಆ ತಿದ್ದುಪಡಿಗೆ ಓಡಾಡುತ್ತಿದ್ದೇನೆ.