ಮೊದಲು ಟಬ್ಬು, ಆಮೇಲೆ ಕೆರೆ: ರಿಮೋಟ್ ದೋಣಿಯ ಪಾಠ



ಶಾಲೆಯಲ್ಲಿ ವಿಜ್ಞಾನ ವಸ್ತು ಪ್ರದರ್ಶನ ಬಂತೆಂದರೆ ಮಕ್ಕಳು ಮೋಟಾರು, ಬ್ಯಾಟರಿ, ಥರ್ಮಾಕೋಲು ಬೇಕೆಂದು ಹಟ ಹಿಡಿಯುತ್ತಾರೆ. ಈಗ ರಿಮೋಟಿನಿಂದ ಓಡುವ ಬ್ಯಾಟರಿ ದೋಣಿಯನ್ನೂ ಕೇಳುತ್ತಾರೆ. ಒಳ್ಳೆಯದೇ, ಗಂಡು ಮಕ್ಕಳ ಹಾಗೆ ಹೆಣ್ಣು ಮಕ್ಕಳೂ ಮಾಡಿ ಕಲಿಯಲಿ. ಆದರೆ ಸಮೀರವಾಡಿ ಸುತ್ತಮುತ್ತ ನಮಗೆ ಹೊಳೆ, ಕಾಲುವೆ, ಬಾವಿ, ಕೃಷಿ ಹೊಂಡ ಎಲ್ಲವೂ ಹತ್ತಿರ. ದೋಣಿ ನಡುನೀರಲ್ಲಿ ನಿಂತುಬಿಟ್ಟರೆ ಅದನ್ನು ತರಲು ಮಗು ನೀರಿಗಿಳಿಯುತ್ತದೆ. ಅಪಾಯ ಇರುವುದು ಅಲ್ಲಿಯೇ. ದೋಣಿಯನ್ನು ಮನೆಯಲ್ಲೇ ಸರಿಯಾಗಿ ಹೊಂದಿಸಿದರೆ ಅದು ನಡುವೆ ನಿಲ್ಲುವುದು ಕಡಿಮೆ. ನಿಂತರೂ ಏನು ಮಾಡಬೇಕು ಎಂಬುದು ಮಗುವಿಗೆ ಮೊದಲೇ ಗೊತ್ತಿರಬೇಕು.

ಇದು ಹೊಸ ಆಟವೇನಲ್ಲ. 1898ರಲ್ಲಿ ನಿಕೋಲಾ ಟೆಸ್ಲಾ ಎಂಬ ವಿಜ್ಞಾನಿ ಅಮೆರಿಕದ ನ್ಯೂಯಾರ್ಕಿನಲ್ಲಿ ತಂತಿಯಿಲ್ಲದೆ ಬ್ಯಾಟರಿ ದೋಣಿ ನಡೆಸಿ ಜನರಿಗೆ ತೋರಿಸಿದರು. ಅವರು ತೋರಿಸಿದ್ದೂ ನೀರಿನ ತೊಟ್ಟಿಯಲ್ಲೇ ನೋಡ್ರಿ!

ದೋಣಿಯೊಳಗೆ ಏನೇನಿದೆ?

ಬ್ಯಾಟರಿ ಮೋಟಾರನ್ನು ತಿರುಗಿಸುತ್ತದೆ. ಮೋಟಾರಿನಿಂದ ಒಂದು ಸಣ್ಣ ಸರಳು ಹಿಂದಕ್ಕೆ ಹೋಗಿ ನೀರೊಳಗಿನ ಫ್ಯಾನನ್ನು ತಿರುಗಿಸುತ್ತದೆ. ಫ್ಯಾನು ನೀರನ್ನು ಹಿಂದಕ್ಕೆ ತಳ್ಳಿದಾಗ ದೋಣಿ ಮುಂದಕ್ಕೆ ಹೋಗುತ್ತದೆ. ಹಿಂಬದಿಯ ಚುಕ್ಕಾಣಿ ಎಡ-ಬಲ ತಿರುಗಿಸುತ್ತದೆ. ರಿಮೋಟಿನ ಅಪ್ಪಣೆಯನ್ನು ಹಿಡಿಯುವುದು ರಿಸೀವರ್. ಅದರ ಸಣ್ಣ ತಂತಿ, ಅಂದರೆ ಆಂಟೆನಾ, ನೀರಿನ ಮಟ್ಟಕ್ಕಿಂತ ಮೇಲೆಯೇ ಇರಬೇಕು. ರೇಡಿಯೋ ಅಲೆ ನೀರೊಳಗೆ ಸರಿಯಾಗಿ ಹಾಯುವುದಿಲ್ಲ.

ಟಬ್ಬಿನಲ್ಲಿ ಮಾಡುವ ಐದು ಪರೀಕ್ಷೆ

1. ಸೋರಿಕೆ: ಬ್ಯಾಟರಿ, ರಿಸೀವರ್ ಹಾಕುವ ಮೊದಲು ದೋಣಿಯೊಳಗೆ ಒಣ ಕಾಗದ ಇಟ್ಟು ಹದಿನೈದು ನಿಮಿಷ ತೇಲಿಸಿ. ಕಾಗದ ಒದ್ದೆಯಾದರೆ ಎಲ್ಲಿಂದ ನೀರು ಬಂತು ಎಂದು ಹುಡುಕಿ ಮುಚ್ಚಿ. ಹೆಚ್ಚಾಗಿ ಸರಳು ಹೊರಬರುವ ಕೊಳವೆಯಿಂದಲೇ ನೀರು ಬರುತ್ತದೆ. ಅಲ್ಲಿ ಗ್ರೀಸ್ ತುಂಬಬೇಕು. ಒಳಗೆ ಖಾಲಿ ಇರುವ ಮೂಲೆಗಳಲ್ಲಿ ಥರ್ಮಾಕೋಲು ತುಂಬಿದರೆ ಮಗುಚಿದರೂ ದೋಣಿ ಮುಳುಗುವುದಿಲ್ಲ.

2. ತೂಕ: ಎಲ್ಲ ಸಾಮಾನು ಹಾಕಿ ತೇಲಿಸಿ. ಒಂದು ಮಗ್ಗುಲಿಗೆ ವಾಲಬಾರದು, ಮೂತಿ ನೀರಿಗೆ ಕುಸಿಯಬಾರದು. ಎಲ್ಲಕ್ಕಿಂತ ಭಾರವಾದದ್ದು ಬ್ಯಾಟರಿ. ಅದನ್ನೇ ಸ್ವಲ್ಪ ಹಿಂದೆ-ಮುಂದೆ ಸರಿಸಿ ಸಮ ಮಾಡಿ. ತಲೆ ಮೇಲೆ ಕೊಡ ಹೊತ್ತವರಿಗೆ ಸಮತೂಕ ಏನೆಂದು ಬೇರೆ ಹೇಳಬೇಕಿಲ್ಲ! ಆಮೇಲೆ ಅಲುಗದಂತೆ ಬಿಗಿಯಿರಿ.

3. ಸರಳು: ಮೋಟಾರಿನ ತುದಿ ಮತ್ತು ಸರಳು ಒಂದೇ ನೇರದಲ್ಲಿರಬೇಕು. ಬ್ಯಾಟರಿ ತೆಗೆದು ಫ್ಯಾನನ್ನು ಬೆರಳಿನಿಂದ ತಿರುಗಿಸಿದರೆ ಹಗುರವಾಗಿ ತಿರುಗಬೇಕು. ಬಿಗಿ ಇದ್ದರೆ ಮೋಟಾರು ಕಾಯುತ್ತದೆ, ಬ್ಯಾಟರಿ ಬೇಗ ಇಳಿಯುತ್ತದೆ.

4. ರಿಮೋಟ್: ಮೊದಲು ರಿಮೋಟ್ ಹಚ್ಚಿ, ಆಮೇಲೆ ದೋಣಿ. ಆರಿಸುವಾಗ ಮೊದಲು ದೋಣಿ, ಆಮೇಲೆ ರಿಮೋಟ್. ಈ ಕ್ರಮ ತಪ್ಪಿದರೆ ಫ್ಯಾನು ತಾನಾಗಿ ತಿರುಗಿ ಬೆರಳಿಗೆ ಗಾಯವಾಗಬಹುದು. ಪರೀಕ್ಷೆಗಾಗಿ ಮಾತ್ರ ಒಮ್ಮೆ ದೋಣಿಯನ್ನು ಗಟ್ಟಿಯಾಗಿ ಹಿಡಿದು, ಫ್ಯಾನು ನಿಧಾನ ತಿರುಗುವಾಗ ರಿಮೋಟ್ ಆರಿಸಿ ನೋಡಿ. ಮೋಟಾರು ತಾನೇ ನಿಲ್ಲಬೇಕು. ನಿಲ್ಲದಿದ್ದರೆ ಆ ದೋಣಿ ಕೆರೆಗೆ ಬೇಡ. ಅಂಗಡಿಯ ಕೆಲವು ದೋಣಿಗಳಲ್ಲಿ ನೀರು ತಾಗಿದರೆ ಮಾತ್ರ ಫ್ಯಾನು ತಿರುಗುತ್ತದೆ. ಅದು ಕೆಟ್ಟಿದೆ ಎಂದು ತಿಳಿಯಬೇಡಿ.

5. ಬಿಸಿ: ದೋಣಿಯನ್ನು ನೀರಲ್ಲೇ ಹಿಡಿದು ಒಂದು ನಿಮಿಷ ಓಡಿಸಿ, ಆರಿಸಿ, ಮೋಟಾರು ಮುಟ್ಟಿ ನೋಡಿ. ಕೈ ಇಡಲಾಗದಷ್ಟು ಬಿಸಿಯಾದರೆ ಫ್ಯಾನು ದೊಡ್ಡದಾಗಿದೆ ಅಥವಾ ಸರಳು ಬಿಗಿಯಾಗಿದೆ. ಹೊಲದ ಪಂಪಿನ ಮೋಟಾರು ಭಾರ ಹೆಚ್ಚಾಗಿ ಸುಟ್ಟುಹೋಗುವಂತೆಯೇ ಇದೂ.

ಬ್ಯಾಟರಿ

ಮಕ್ಕಳಿಗೆ ನಿಕಲ್ ಬ್ಯಾಟರಿ ಸಾಕು. ಒಂದು ಸೆಲ್ಲಿಗೆ 1.2 ವೋಲ್ಟ್, ಆರು ಸೆಲ್ಲಿಗೆ 7.2 ವೋಲ್ಟ್. ಲಿಥಿಯಂ ಪಾಲಿಮರ್ ಬ್ಯಾಟರಿ ಹಗುರ, ಶಕ್ತಿ ಹೆಚ್ಚು. ಆದರೆ ಅದರ ಒಂದು ಸೆಲ್ಲು 4.2 ವೋಲ್ಟಿಗಿಂತ ಮೇಲೆ ಹೋಗಬಾರದು, 3 ವೋಲ್ಟಿಗಿಂತ ಕೆಳಗೆ ಇಳಿಯಬಾರದು. ಅದಕ್ಕೆಂದೇ ಇರುವ ಚಾರ್ಜರ್ ಬಿಟ್ಟು ಬೇರೆ ಹಾಕಬೇಡಿ. ಉಬ್ಬಿದ ಬ್ಯಾಟರಿ ಬೆಂಕಿ ಹಿಡಿಯಬಹುದು, ಅದನ್ನು ಚಾರ್ಜ್ ಮಾಡಲೇಬಾರದು. ರಾತ್ರಿ ಚಾರ್ಜಿಗೆ ಇಟ್ಟು ಮಲಗುವುದಂತೂ ಬೇಡವೇ ಬೇಡ.

ನೀರಿನ ಹತ್ತಿರ

ಹೊಳೆ, ಕಾಲುವೆಗಳಲ್ಲಿ ಬೇಡ. ಹರಿವು ದೋಣಿಯನ್ನೂ ಒಯ್ಯುತ್ತದೆ, ಮಗುವನ್ನೂ ಒಯ್ಯುತ್ತದೆ. 2019ರ ಆಗಸ್ಟಿನಲ್ಲಿ ಘಟಪ್ರಭೆಯ ಮಹಾಪೂರ ಕಂಡವರು ನಾವು. ಕೃಷಿ ಹೊಂಡವಂತೂ ಇನ್ನೂ ಮೋಸ. 2014-15ರಿಂದ ಕೃಷಿ ಭಾಗ್ಯ ಯೋಜನೆಯಲ್ಲಿ ನಾಡಿನ ಹೊಲಗಳಲ್ಲಿ ಇಂಥ ಹೊಂಡಗಳು ಬಹಳ ಆದವು. ಅದಕ್ಕೆ ಹಾಸಿದ ಪ್ಲಾಸ್ಟಿಕ್ ಹಾಳೆ ಪಾಚಿ ಹಿಡಿದು ಜಾರುತ್ತದೆ. ಬಿದ್ದರೆ ಈಜು ಬಲ್ಲವರಿಗೂ ಹತ್ತಿ ಬರುವುದು ಕಷ್ಟ.

ನಿಂತ ನೀರಿನ, ಆಳವಿಲ್ಲದ ಜಾಗ ನೋಡಿ. ದೊಡ್ಡವರೊಬ್ಬರು ಜೊತೆಗಿರಲಿ. ಗಾಳಿ ಮುಖಕ್ಕೆ ಬಡಿಯುವ ದಡದಲ್ಲಿ ನಿಂತು ದೋಣಿ ಬಿಡಿ. ಕೆಟ್ಟು ನಿಂತರೂ ಗಾಳಿಯೇ ಅದನ್ನು ನಿಮ್ಮ ಕಡೆಗೆ ತಳ್ಳುತ್ತದೆ. ರಿಮೋಟ್ ಎಷ್ಟು ಹೆಜ್ಜೆ ದೂರ ಕೆಲಸ ಮಾಡುತ್ತದೆಂದು ನೆಲದ ಮೇಲೆ ಅಳೆದು, ಅದರ ಅರ್ಧ ದೂರವಷ್ಟೇ ಓಡಿಸಿ. ದೋಣಿ ಒಂದು ಕಡೆ ಎಳೆದರೆ ರಿಮೋಟಿನ ಸಣ್ಣ ಗುಂಡಿಯಿಂದ ಚುಕ್ಕಾಣಿಯನ್ನು ನೇರ ಮಾಡಿಕೊಳ್ಳಿ. ಒಂದು ಉದ್ದ ದಾರಕ್ಕೆ ಚೆಂಡು ಕಟ್ಟಿ ಇಟ್ಟುಕೊಳ್ಳಿ. ನಿಂತ ದೋಣಿಯ ಆಚೆಗೆ ಎಸೆದು ನಿಧಾನವಾಗಿ ಎಳೆಯಿರಿ. ಬಾರದಿದ್ದರೆ ದೋಣಿ ಹೋಗಲಿ ಬಿಡಿ.

ಯಾರಾದರೂ ನೀರಿಗೆ ಬಿದ್ದರೆ ಹಿಂದೆಯೇ ಹಾರಬೇಡಿ. ಕೂಗಿ ಜನರನ್ನು ಕರೆಯಿರಿ. ನೆಲಕ್ಕೆ ಮಲಗಿ ಹಗ್ಗ, ಕೋಲು ಅಥವಾ ಸೀರೆ ಚಾಚಿ. ಬಾಯಿ ಮುಚ್ಚಿದ ಖಾಲಿ ಪ್ಲಾಸ್ಟಿಕ್ ಕ್ಯಾನು ಎಸೆದರೂ ಹಿಡಿದು ತೇಲಬಹುದು.

ಸಭೆಯಲ್ಲಿ ಮಾತಾಡೋಣ

1. ನಮ್ಮ ಓಣಿಯ ಮಕ್ಕಳು ಎಲ್ಲೆಲ್ಲಿ ನೀರಿನ ಹತ್ತಿರ ಆಡುತ್ತಾರೆ?
2. ಬೇಲಿಯಿಲ್ಲದ ಹೊಂಡ, ಬಾವಿ ಎಷ್ಟಿವೆ? ಅವುಗಳ ಮಾಲೀಕರ ಹತ್ತಿರ ಯಾರು ಮಾತಾಡಬೇಕು?
3. "ದೋಣಿ ಹೋದರೆ ಹೋಗಲಿ, ನೀನು ನೀರಿಗಿಳಿಯಬೇಡ" ಎಂದು ನಮ್ಮ ಮಗುವಿಗೆ ಹೇಳಿದ್ದೇವೆಯೇ? ದೋಣಿ ಕಳಕೊಂಡು ಬಂದ ದಿನ ಬೈಯದೆ ಇರುತ್ತೇವೆಯೇ? ಬೈಗುಳದ ಹೆದರಿಕೆಯಿಂದಲೂ ಮಗು ನೀರಿಗಿಳಿಯುತ್ತದೆ, ಮರೆಯಬೇಡಿ.