ಬ್ಯಾಂಕಿನ ಫೈಲು, ಬೆಳೆಗಾರನ ಲೆಕ್ಕ



ಕಾಫಿಯ ಹಣವಾಗಲಿ, ಅಡಿಕೆ ಮಂಡಿಯ ಪಟ್ಟಿಯ ಹಣವಾಗಲಿ, ಈಗ ನಗದಾಗಿ ಕೈಗೆ ಬರುವುದಕ್ಕಿಂತ ಬ್ಯಾಂಕ್ ಖಾತೆಗೆ ಬರುವುದೇ ಹೆಚ್ಚು. ಗೊಬ್ಬರದಂಗಡಿಗೆ, ವಿದ್ಯುತ್ ಬಿಲ್ಲಿಗೆ, ಸಾಲದ ಕಂತಿಗೆ ಹಣ ಹೋಗುವುದೂ ಅಲ್ಲಿಂದಲೇ. 2016ರಲ್ಲಿ ಯು.ಪಿ.ಐ. ಬಂದ ಮೇಲಂತೂ ಒಂದು ಕತ್ತಿಯ ಹಿಡಿ ಕೊಂಡರೂ ಪಾಸ್‌ಬುಕ್ಕಿನಲ್ಲಿ ಒಂದು ಸಾಲು ಬೀಳುತ್ತದೆ. ಅಷ್ಟೂ ಸಾಲುಗಳನ್ನು ಕೈಯಿಂದ ಲೆಕ್ಕದ ಪುಸ್ತಕಕ್ಕೆ ಇಳಿಸಲು ಹೊರಟರೆ ಮಳೆಗಾಲ ಮುಗಿದರೂ ಕೆಲಸ ಮುಗಿಯದು. ಬೇಸತ್ತು ಲೆಕ್ಕ ಬರೆಯುವುದನ್ನೇ ಬಿಡುವವರುಂಟು.

ಈ ನಕಲಿನ ಕೆಲಸವನ್ನು ಕಂಪ್ಯೂಟರಿಗೆ ವಹಿಸಬಹುದು. ಬ್ಯಾಂಕು ಕೊಡುವ ವಹಿವಾಟಿನ ಫೈಲನ್ನು ಲೆಕ್ಕದ ತಂತ್ರಾಂಶಕ್ಕೆ ನೇರವಾಗಿ ತುಂಬಿಸುವ ಈ ಕ್ರಮಕ್ಕೆ ಇಂಪೋರ್ಟ್ ಎನ್ನುತ್ತಾರೆ. ಆದರೆ ಒಂದು ಮಾತನ್ನು ಮೊದಲೇ ತಿಳಿದಿರಬೇಕು. ಹಿಂದಿನವರು ದಿನದ ವ್ಯವಹಾರವನ್ನು ಕಿರ್ದಿಯಲ್ಲಿ ಬರೆದು, ಆಮೇಲೆ ಒಂದೊಂದನ್ನೂ ಅದರದರ ಖಾತೆಗೆ ಹಾಕಿ ಖತಾವಣಿ ಮಾಡುತ್ತಿದ್ದರು. ಯಂತ್ರ ನಮಗೆ ಉಳಿಸಿಕೊಡುವುದು ಕಿರ್ದಿ ಬರೆಯುವ ಶ್ರಮವನ್ನು. ಖತಾವಣಿಯ ವಿವೇಚನೆ ಮಾತ್ರ ಬೆಳೆಗಾರನದೇ.

ಯಾವ ತಂತ್ರಾಂಶ, ಯಾವ ಫೈಲು?

ಉದಾಹರಣೆಗೆ ಗ್ನೂಕ್ಯಾಶ್ ಎಂಬ ತಂತ್ರಾಂಶವನ್ನು ತೆಗೆದುಕೊಳ್ಳೋಣ. 1998ರಲ್ಲಿ ಇದರ ಮೊದಲ ಆವೃತ್ತಿ ಬಂತು. ಇದಕ್ಕೆ ಹಣ ಕೊಡಬೇಕಾಗಿಲ್ಲ. ನಮ್ಮ ಮನೆಯ ಕಂಪ್ಯೂಟರಿನಲ್ಲೇ ಇರುತ್ತದೆ. ರೂಪಾಯಿಯಲ್ಲಿ ಲೆಕ್ಕ ಇಡಬಹುದು. ಎಲ್ಲಕ್ಕಿಂತ ಮುಖ್ಯವಾಗಿ ಇದು ಜೋಡಿ ನಮೂದಿನ ಪದ್ಧತಿಯದು. ಎಂದರೆ, ಹಣ ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು ಎಂಬ ಎರಡನ್ನೂ ಹೇಳದೆ ಇಲ್ಲಿ ಲೆಕ್ಕ ಪೂರ್ತಿಯಾಗದು.

ಬ್ಯಾಂಕಿನ ಜಾಲತಾಣದಿಂದ ಸ್ಟೇಟ್‌ಮೆಂಟನ್ನು ಹಲವು ರೂಪದಲ್ಲಿ ಇಳಿಸಿಕೊಳ್ಳಬಹುದು. ಪಿ.ಡಿ.ಎಫ್. ಓದುವುದಕ್ಕೆ ಚೆನ್ನ, ತುಂಬಿಸುವುದಕ್ಕೆ ಒದಗದು. ಸಿ.ಎಸ್.ವಿ. ಎಂದರೆ ಅಂಕಣಗಳ ನಡುವೆ ಅಲ್ಪವಿರಾಮ ಹಾಕಿದ ಸರಳ ಪಟ್ಟಿ. ನಮಗೆ ಹೆಚ್ಚಾಗಿ ಒದಗುವುದು ಇದೇ. 1997ರಲ್ಲಿ ರೂಪುಗೊಂಡ ಓ.ಎಫ್.ಎಕ್ಸ್. ಎಂಬ ಮತ್ತೊಂದು ರೂಪವಿದೆ. ಅದರಲ್ಲಿ ಪ್ರತಿ ವಹಿವಾಟಿಗೂ ಬ್ಯಾಂಕು ಒಂದು ಪ್ರತ್ಯೇಕ ಗುರುತಿನ ಸಂಖ್ಯೆ ಕೊಡುವುದರಿಂದ ಒಂದೇ ಸಾಲು ಎರಡು ಸಲ ಸೇರುವ ಭಯ ಕಡಿಮೆ. ನಿಮ್ಮ ಬ್ಯಾಂಕು ಅದನ್ನು ಕೊಡುತ್ತಿದ್ದರೆ ಅದನ್ನೇ ಆರಿಸಿಕೊಳ್ಳಿ.

ತುಂಬಿಸುವಾಗ ನೋಡಬೇಕಾದ ನಾಲ್ಕು ಅಂಶಗಳು

1. ತಾರೀಖು. ಫೈಲಿನಲ್ಲಿ 03-04-2025 ಎಂದಿದ್ದರೆ ನಮಗೆ ಅದು ಏಪ್ರಿಲ್ 3. ತಿಂಗಳು ಮೊದಲು ಬರೆಯುವ ಅಮೆರಿಕದ ಕ್ರಮಕ್ಕೆ ತಂತ್ರಾಂಶವನ್ನು ಹೊಂದಿಸಿದ್ದರೆ ಅದೇ ಮಾರ್ಚ್ 4 ಆಗುತ್ತದೆ. ಆಗ ಈ ವರ್ಷದ ಹುಟ್ಟುವಳಿ ಹಿಂದಿನ ಹಣಕಾಸು ವರ್ಷಕ್ಕೆ ಸೇರಿಹೋಗುತ್ತದೆ. 13ನೆಯ ತಾರೀಖಿನಿಂದ ಮುಂದಿನವು ಹದಿಮೂರನೆಯ ತಿಂಗಳಿಲ್ಲದ ಕಾರಣ ಸಿಕ್ಕಿಬೀಳುತ್ತವೆ. 12ರ ಒಳಗಿನವು ಸದ್ದಿಲ್ಲದೆ ತಪ್ಪು ಜಾಗದಲ್ಲಿ ಕೂರುತ್ತವೆ. ಆದುದರಿಂದ ದಿನ-ತಿಂಗಳು-ವರ್ಷ ಎಂಬ ಕ್ರಮವನ್ನೇ ಆರಿಸಿರುವಿರಾ ಎಂದು ನೋಡಿ.

2. ಅಂಕಣ. ಬ್ಯಾಂಕಿನ ಕಾಗದದಲ್ಲಿ ಕ್ರೆಡಿಟ್ ಎಂದರೆ ನಮಗೆ ಬಂದ ಹಣ, ಡೆಬಿಟ್ ಎಂದರೆ ಹೋದ ಹಣ. ಅದು ಬ್ಯಾಂಕಿನ ಪುಸ್ತಕದ ದೃಷ್ಟಿ. ಅವರ ಪಾಲಿಗೆ ನಾವು ಸಾಲ ಕೊಟ್ಟವರು. ನಮ್ಮ ಪುಸ್ತಕದಲ್ಲಿ ಬ್ಯಾಂಕಿಗೆ ಹಣ ಬಂದರೆ ಅದು ಡೆಬಿಟ್. ಹೆಸರು ನೋಡಿ ಗೊಂದಲಪಡದೆ, ಬಂದದ್ದು ಯಾವ ಅಂಕಣ, ಹೋದದ್ದು ಯಾವುದು ಎಂಬುದನ್ನು ಗುರುತಿಸಿ.

3. ಅಲ್ಪವಿರಾಮ. ಮೊತ್ತವನ್ನು 1,25,000 ಎಂದು ಉದ್ಧರಣ ಚಿಹ್ನೆಯಿಲ್ಲದೆ ಬರೆದಿದ್ದರೆ ಅದು 1, 25, 000 ಎಂದು ಮೂರು ಅಂಕಣಗಳಾಗಿ ಒಡೆದುಹೋಗುತ್ತದೆ. ಪೂರ್ವವೀಕ್ಷಣೆಯ ಪರದೆಯಲ್ಲಿ ನಾಲ್ಕಾರು ದೊಡ್ಡ ಮೊತ್ತಗಳನ್ನು ಕಣ್ಣಾರೆ ನೋಡಿಯೇ ಮುಂದುವರಿಯಿರಿ. ಮೂಲ ಫೈಲನ್ನು ಎಕ್ಸೆಲ್‌ನಲ್ಲಿ ತೆರೆದು ಅದರ ಮೇಲೆಯೇ ಉಳಿಸಬೇಡಿ. 15ಕ್ಕಿಂತ ಹೆಚ್ಚು ಅಂಕಿಯ ಸಂಖ್ಯೆಗಳ ಕೊನೆಯನ್ನು ಅದು ಸೊನ್ನೆ ಮಾಡುತ್ತದೆ, ಮೊದಲಿನ ಸೊನ್ನೆಗಳನ್ನು ಬಿಟ್ಟುಬಿಡುತ್ತದೆ. ತಿದ್ದುವುದಿದ್ದರೆ ಒಂದು ಪ್ರತಿ ಮಾಡಿಕೊಂಡು ತಿದ್ದಿ.

4. ಪುನರಾವರ್ತನೆ. ಏಪ್ರಿಲ್ 1ರಿಂದ 30ರವರೆಗಿನ ಫೈಲು ತುಂಬಿಸಿ, ಮುಂದಿನ ಸಲ ಏಪ್ರಿಲ್ 25ರಿಂದ ಮೇ 31ರವರೆಗಿನದನ್ನು ತುಂಬಿಸಿದರೆ ಆರು ದಿನದ ವಹಿವಾಟು ಎರಡು ಫೈಲಿನಲ್ಲೂ ಇರುತ್ತದೆ. ತಾರೀಖು ಮತ್ತು ಮೊತ್ತ ಹೋಲುವ ಸಾಲುಗಳನ್ನು ತಂತ್ರಾಂಶ ತೋರಿಸುತ್ತದೆ. ತೀರ್ಮಾನ ನೀವೇ ಮಾಡಬೇಕು. ಒಂದೇ ದಿನ ಇಬ್ಬರಿಗೆ ತಲಾ 500 ರೂಪಾಯಿ ಕೊಟ್ಟಿದ್ದರೆ ಎರಡೂ ನಿಜವೇ.

ಲೆಕ್ಕದ ತಿರುಳು

ಈಗ ಮುಖ್ಯ ವಿಷಯಕ್ಕೆ ಬರೋಣ. ಒಬ್ಬ ಬೆಳೆಗಾರನ ತೋಟದ ಖಾತೆಯಲ್ಲಿ ತಿಂಗಳ ಆರಂಭಕ್ಕೆ 1,12,400 ರೂಪಾಯಿ ಇತ್ತೆಂದು ಭಾವಿಸಿ. ಕಾಫಿ ಮಾರಿದ ಬಾಬ್ತು 2,40,000 ಬಂತು. ಮನೆಯ ಉಳಿತಾಯ ಖಾತೆಯಿಂದ 50,000 ವರ್ಗಾಯಿಸಿಕೊಂಡ. ಗೊಬ್ಬರ ಮತ್ತು ಮೈಲುತುತ್ತಕ್ಕೆ 38,600, ವಿದ್ಯುತ್ತಿಗೆ 4,300, ಬೆಳೆಸಾಲಕ್ಕೆ 1,07,000 ಹೋಯಿತು. ನಗದಾಗಿ 60,000 ತೆಗೆದ. ಕೊನೆಗೆ ಉಳಿದದ್ದು 1,92,500.

ಫೈಲು ಹೇಳುವುದಿಷ್ಟು: ಬಂದದ್ದು 2,90,000, ಹೋದದ್ದು 2,09,900, ಹೆಚ್ಚಾದದ್ದು 80,100. ಇದನ್ನೇ ತೋಟದ ಉಳಿತಾಯವೆಂದುಕೊಂಡರೆ ತಪ್ಪಾಯಿತು.

ಮನೆಯ ಖಾತೆಯಿಂದ ಬಂದ 50,000 ಆದಾಯವಲ್ಲ. ಒಂದು ಜೇಬಿನಿಂದ ಇನ್ನೊಂದು ಜೇಬಿಗೆ ಬಂದದ್ದು. ಎರಡೂ ಖಾತೆಗಳ ಫೈಲು ತುಂಬಿಸುವವರು ಇದನ್ನು ಒಂದೇ ವರ್ಗಾವಣೆಯಾಗಿ ಜೋಡಿಸಬೇಕು. ಇಲ್ಲವಾದರೆ ಒಂದೆಡೆ ಸುಳ್ಳು ಖರ್ಚು, ಇನ್ನೊಂದೆಡೆ ಸುಳ್ಳು ಆದಾಯ ಹುಟ್ಟುತ್ತದೆ. ಸಾಲಕ್ಕೆ ಕಟ್ಟಿದ್ದರಲ್ಲಿ 1,00,000 ಅಸಲು, 7,000 ಬಡ್ಡಿ. ಬಡ್ಡಿ ಮಾತ್ರ ಖರ್ಚು. ಅಸಲಿನಿಂದ ಸಾಲದ ಹೊರೆ ಇಳಿಯಿತು. ಬ್ಯಾಂಕಿನಿಂದ ತೆಗೆದ 60,000 ಆಗಲೇ ಖರ್ಚಾಗಲಿಲ್ಲ. ಪೆಟ್ಟಿಗೆಗೆ ಬಂತು, ಅಷ್ಟೆ. ಅದರಲ್ಲಿ ಬಟವಾಡೆಗೆ ಹೋದದ್ದು 52,000, ಮನೆಗೆಲಸಕ್ಕೆ 8,000. ಇದನ್ನು ಯಾವ ಬ್ಯಾಂಕಿನ ಫೈಲೂ ಹೇಳದು. ಹಾಜರಿ ಪುಸ್ತಕವೇ ಹೇಳಬೇಕು.

ಹೀಗೆ ವಿಂಗಡಿಸಿದರೆ ತೋಟದ ಹುಟ್ಟುವಳಿ 2,40,000, ಖರ್ಚು 1,01,900, ಮಿಕ್ಕಿದ್ದು 1,38,100. ಫೈಲು ತೋರಿಸಿದ್ದಕ್ಕಿಂತ 58,000 ಹೆಚ್ಚು. ತೋಟ ನಷ್ಟದಲ್ಲಿದೆಯೋ ಲಾಭದಲ್ಲಿದೆಯೋ, ಇನ್ನೊಂದು ಸಾಲ ಮಾಡಬೇಕೋ ಬೇಡವೋ, ಸಿಕ್ಕಿದ ಬೆಲೆಗೆ ಇಂದೇ ಮಾರಬೇಕೋ ನಿಲ್ಲಿಸಬಹುದೋ ಎಂಬ ತೀರ್ಮಾನಗಳೆಲ್ಲ ಈ ಅಂಕಿಯ ಮೇಲೆಯೇ ನಿಂತಿವೆ. ಕಾಫಿಯನ್ನು ಕ್ಯೂರಿಂಗ್ ಮಾಡಿಸಿ ಮಾರುವವರಿಗೆ ಆದಾಯದ ಒಂದು ಪಾಲು ತೆರಿಗೆಗೆ ಒಳಪಡುವುದರಿಂದ ಅಲ್ಲಿಯೂ ಇದು ಬೇಕು.

ಯಾವ ಖಾತೆಗೆ ಎಂದು ಹೇಳದ ಮೊತ್ತಗಳನ್ನು ಗ್ನೂಕ್ಯಾಶ್ ಇಂಬ್ಯಾಲೆನ್ಸ್ ಎಂಬ ತಾತ್ಕಾಲಿಕ ಖಾತೆಯಲ್ಲಿ ಇಡುತ್ತದೆ. ಅದು ಸೊನ್ನೆಯಾಗುವವರೆಗೆ ಖತಾವಣಿ ಮುಗಿದಿಲ್ಲವೆಂದೇ ತಿಳಿಯಿರಿ. ಒಮ್ಮೆ ಹೇಳಿಕೊಟ್ಟದ್ದನ್ನು ತಂತ್ರಾಂಶ ನೆನಪಿಟ್ಟುಕೊಂಡು ವಿವರದ ಪದಗಳನ್ನು ನೋಡಿ ಮುಂದಿನ ಸಲ ತಾನೇ ಖಾತೆ ಸೂಚಿಸುತ್ತದೆ. ಇದು ಉಪಕಾರವೇ. ಆದರೆ ಒಬ್ಬನೇ ವ್ಯಾಪಾರಿಯಿಂದ ಮಾರಾಟದ ಹಣವೂ ಮುಂಗಡವೂ ಬರುತ್ತದೆ. ಮುಂಗಡ ಪಡೆದದ್ದು ಮಾಲು ಕೊಡುವವರೆಗೆ ನಮ್ಮ ಮೇಲಿನ ಋಣ, ಆದಾಯವಲ್ಲ. ಹೆಸರು ಒಂದೇ ಆದ ಮಾತ್ರಕ್ಕೆ ಬಾಬ್ತು ಒಂದೇ ಅಲ್ಲ.

ತಾಳೆ ನೋಡುವುದು

ತುಂಬಿಸಿದ ಮೇಲೆ ರೀಕನ್ಸೈಲ್ ಎಂಬ ಆಜ್ಞೆಯನ್ನು ಆರಿಸಿ, ಸ್ಟೇಟ್‌ಮೆಂಟಿನ ಕೊನೆಯ ತಾರೀಖನ್ನೂ ಬಾಕಿಯನ್ನೂ ಕೊಟ್ಟು, ಒಂದೊಂದೇ ಸಾಲಿಗೆ ಗುರುತು ಹಾಕುತ್ತಾ ಹೋಗಿ. ವ್ಯತ್ಯಾಸ ಸೊನ್ನೆಯಾಗಬೇಕು. ಒಂದು ರೂಪಾಯಿ ಉಳಿದರೂ ಅಂದಾಜಿನಿಂದ ಸರಿಪಡಿಸಬೇಡಿ; ಸಾಲು ಬಿಟ್ಟಿದೆಯೋ ಎರಡು ಸಲ ಬಂದಿದೆಯೋ ಹುಡುಕಿ. ನಗದಿಗೂ ಹೀಗೆಯೇ: ತಿಂಗಳ ಕೊನೆಗೆ ಪೆಟ್ಟಿಗೆಯ ಹಣ ಎಣಿಸಿ, ಲೆಕ್ಕದ ನಗದಿಗೆ ಹೋಲಿಸಿ.

ಕೊನೆಯದಾಗಿ ಒಂದು ಎಚ್ಚರಿಕೆ. ಪಿ.ಡಿ.ಎಫ್. ಅನ್ನು ಪರಿವರ್ತಿಸಿ ಕೊಡುತ್ತೇವೆನ್ನುವ ಅಪರಿಚಿತ ಜಾಲತಾಣಗಳಿಗೆ ನಿಮ್ಮ ಸ್ಟೇಟ್‌ಮೆಂಟ್ ಕಳುಹಿಸಬೇಡಿ; ನಿಮ್ಮ ಮನೆಯ ಗುಟ್ಟೆಲ್ಲ ಅದರಲ್ಲಿದೆ. ನೆಟ್‌ಬ್ಯಾಂಕಿಂಗಿನ ಪಾಸ್‌ವರ್ಡನ್ನು ಯಾರಿಗೂ, ಸಂಘದ ಸಿಬ್ಬಂದಿ ಕೇಳಿದರೂ, ಕೊಡಬೇಡಿ. ಲೆಕ್ಕದ ಫೈಲಿನ ಒಂದು ಪ್ರತಿಯನ್ನು ಪೆನ್‌ಡ್ರೈವಿನಲ್ಲಿ ಹಾಕಿ ಬೀರುವಿನಲ್ಲಿಡಿ. ಮಲೆನಾಡಿನ ಸಿಡಿಲಿಗೆ ಕಂಪ್ಯೂಟರಿನ ಮೇಲೆ ಕರುಣೆಯಿಲ್ಲ.

ಆರಂಭಿಸುವವರು ಹಳೆಯ ವರ್ಷಗಳನ್ನೆಲ್ಲ ಕೆದಕುವುದು ಬೇಡ. ಕಳೆದ ಒಂದು ತಿಂಗಳ ಫೈಲು ತೆಗೆದುಕೊಳ್ಳಿ, ತಾಳೆಯಾಗುವವರೆಗೆ ಕೂರಿ. ಆಮೇಲೆ ತಿಂಗಳಿಗೊಂದು ಸಂಜೆ ಸಾಕು. ಮಂಡಿಯ ಪಟ್ಟಿ, ಅಂಗಡಿಯ ರಸೀದಿ, ಹಾಜರಿ ಪುಸ್ತಕ ಇವು ಮೂರೂ ಅಂದು ಮೇಜಿನ ಮೇಲಿರಲಿ.

— ಕಾರ್ಯದರ್ಶಿ