ಮರಾಠವಾಡದ ಗಡಿ ಪಟ್ಟಣಗಳು: ಮನೆ ಕಟ್ಟುವ ಕಾರ್ಯದಲ್ಲಿ ಪಡೆದ ಅನುಭವ

ಮಹಾರಾಷ್ಟ್ರದ ಧಾರಾಶಿವ ಜಿಲ್ಲೆಯ ಉಮರ್ಗಾ, ಲಾತೂರ ಜಿಲ್ಲೆಯ ನಿಲಂಗಾ ಮತ್ತು ಉದಗೀರ ಎಂಬ ಮೂರು ಪಟ್ಟಣಗಳು ಬೀದರ ಜಿಲ್ಲೆಯ ಅಂಚಿಗೆ ತಾಗಿಕೊಂಡಿದ್ದು, ಇವುಗಳ ಸುತ್ತಲಿನ ಹಲವು ಹಳ್ಳಿಗಳಲ್ಲಿ ಕನ್ನಡ ಮನೆಮಾತಾಗಿ, ಮರಾಠಿ ಕಚೇರಿಯ ಮಾತಾಗಿ, ದಖನಿ ಉರ್ದು ಸಂತೆಯ ಮಾತಾಗಿ ಬಳಕೆಯಲ್ಲಿವೆ. ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿ ನಿಲಂಗಾ ಮತ್ತು ಉದಗೀರ ತಾಲೂಕುಗಳು ಬೀದರ ಜಿಲ್ಲೆಗೇ ಸೇರಿದ್ದವು; 1956ರ ನವೆಂಬರ್ 1ರಂದು ಭಾಷಾವಾರು ಪ್ರಾಂತ್ಯ ರಚನೆಯಾದಾಗ ಅವು ಆಗಿನ ಮುಂಬಯಿ ರಾಜ್ಯದ ಉಸ್ಮಾನಾಬಾದ್, ಅಂದರೆ ಇಂದಿನ ಧಾರಾಶಿವ, ಜಿಲ್ಲೆಗೆ ಹೋದವು, ಮತ್ತು 1982ರಲ್ಲಿ ಲಾತೂರ ಪ್ರತ್ಯೇಕ ಜಿಲ್ಲೆಯಾದ ಮೇಲೆ ಅದರ ಭಾಗವಾದವು. ರಾಜ್ಯದ ಗೆರೆ ಬದಲಾದರೂ ಬೀಗತನ, ದನದ ವ್ಯಾಪಾರ, ಬಸವಕಲ್ಯಾಣ ಮತ್ತು ಭಾಲ್ಕಿಗಳ ಸಂತೆ, ಕಲ್ಲುಕುಟಿಗರ ಮತ್ತು ಗೌಂಡಿಗಳ ಓಡಾಟ ನಿಲ್ಲಲಿಲ್ಲ. ಈ ಸೀಮೆಯ ಪಟ್ಟಣಗಳು ಇಂದು ಹೊಲಗಳನ್ನು ನುಂಗುತ್ತ ಬೆಳೆಯುತ್ತಿರುವಾಗ, ಹೊಸ ಬಡಾವಣೆಗಳನ್ನು ಹೇಗೆ ಕಟ್ಟಬೇಕೆಂಬ ಪ್ರಶ್ನೆಗೆ ಉತ್ತರವನ್ನು ಪುಣೆ ಮುಂಬಯಿಗಳ ಮಾದರಿಯಲ್ಲಿ ಹುಡುಕುವುದಕ್ಕಿಂತ, 1993ರ ಭೂಕಂಪದ ನಂತರ ಇದೇ ನೆಲದಲ್ಲಿ ನಡೆದ ಪುನರ್ನಿರ್ಮಾಣದಲ್ಲಿ ಹುಡುಕುವುದು ಹೆಚ್ಚು ಫಲಕಾರಿ. ಏಕೆಂದರೆ ಇಷ್ಟು ದೊಡ್ಡ ಪ್ರಮಾಣದ ಕಟ್ಟಡ ಕಾರ್ಯ ಈ ಭಾಗದಲ್ಲಿ ಅದಕ್ಕೆ ಮೊದಲಾಗಲಿ ಅನಂತರವಾಗಲಿ ನಡೆದಿಲ್ಲ, ಮತ್ತು ಅದರಲ್ಲಿ ಗೆದ್ದದ್ದೂ ಸೋತದ್ದೂ ಇಲ್ಲಿನ ಜನರ ಕಣ್ಣೆದುರಿಗೇ ಇವೆ.

ಮೂರು ಪಟ್ಟಣಗಳೂ ಒಂದೇ ಕಾರಣಕ್ಕೆ ಬೆಳೆದವಲ್ಲ. ಉಮರ್ಗಾ ಪುಣೆ, ಸೊಲ್ಲಾಪುರ, ಹೈದರಾಬಾದ್‌ಗಳನ್ನು ಜೋಡಿಸುವ ರಾಷ್ಟ್ರೀಯ ಹೆದ್ದಾರಿಯ ಮೇಲಿನ ಊರು. ಲಾರಿ, ಗ್ಯಾರೇಜು, ಖಾನಾವಳಿ, ಗೋದಾಮು ಮತ್ತು ಕೈಗಾರಿಕಾ ವಸಾಹತು ಅದರ ಬದುಕಿನ ಆಧಾರ. ಉದಗೀರಕ್ಕೆ ನಿಜಾಮರ ಕಾಲದ ಪರಳಿ, ಬೀದರ, ವಿಕಾರಾಬಾದ್ ರೈಲುಮಾರ್ಗವಿದೆ, ತೊಗರಿ ಮತ್ತು ಸೋಯಾಬೀನ್‌ಗಳ ದೊಡ್ಡ ಅಡತಿ ಪೇಟೆಯಿದೆ, ಬೇಳೆ ಗಿರಣಿಗಳಿವೆ. 2011ರ ಜನಗಣತಿಯಲ್ಲೇ ಅದು ಒಂದು ಲಕ್ಷ ಜನಸಂಖ್ಯೆಯನ್ನು ದಾಟಿತು. ನಿಲಂಗಾ ರೈಲನ್ನೂ ಕಾಣದ, ದೊಡ್ಡ ಉದ್ಯಮವನ್ನೂ ಪಡೆಯದ ತಾಲೂಕು ಕೇಂದ್ರವಾಗಿದ್ದು, 1985ರಲ್ಲಿ ಅಲ್ಲಿನ ಶಿವಾಜಿರಾವ್ ಪಾಟೀಲ ನಿಲಂಗೇಕರ ಅವರು ರಾಜ್ಯದ ಮುಖ್ಯಮಂತ್ರಿಯಾದದ್ದು ಊರಿಗೆ ಹೆಸರನ್ನು ತಂದಿತಾದರೂ, ಅಂಬುಲಗಾ ಸಕ್ಕರೆ ಕಾರ್ಖಾನೆ, ಶಾಲೆ ಕಾಲೇಜುಗಳು ಮತ್ತು ಸರ್ಕಾರಿ ಕಚೇರಿಗಳ ಸಂಬಳವೇ ಅದರ ಪೇಟೆಯನ್ನು ನಡೆಸಿಕೊಂಡು ಬಂದಿವೆ. ಮೂರರಲ್ಲೂ ಸಮಾನವಾದ ಸಂಗತಿಯೊಂದಿದೆ: ಹೊಲದ ಆದಾಯ ಮಳೆಯ ಮೇಲೆ ನಿಂತಿರುವುದರಿಂದ, ಕೈಗೆ ಬಂದ ಹಣವನ್ನು ಭದ್ರಪಡಿಸುವ ದಾರಿಯಾಗಿ ಜನ ಪಟ್ಟಣದ ಅಂಚಿನ ನಿವೇಶನವನ್ನೇ ಆರಿಸಿಕೊಳ್ಳುತ್ತಾರೆ. ಪುಣೆಯಲ್ಲೋ ಹೈದರಾಬಾದ್‌ನಲ್ಲೋ ದುಡಿಯುವ ಮಗ ಕಳಿಸಿದ ಹಣ, ಶಿಕ್ಷಕರ ಸಂಬಳದ ಸಾಲ, ಅಡತಿಯ ಲಾಭ, ಎಲ್ಲವೂ ಕೊನೆಗೆ ಇಟ್ಟಿಗೆ ಮತ್ತು ಸಿಮೆಂಟಿಗೆ ಸೇರುತ್ತವೆ.

1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ ನಾಲ್ಕು ಗಂಟೆಗೆ ಸ್ವಲ್ಪ ಮೊದಲು, ಗಣಪತಿ ವಿಸರ್ಜನೆ ಮುಗಿಸಿ ಜನ ಮಲಗಿದ್ದ ಹೊತ್ತಿನಲ್ಲಿ ಸಂಭವಿಸಿದ ಭೂಕಂಪವು ಔಸಾ ತಾಲೂಕಿನ ಕಿಲ್ಲಾರಿಯನ್ನೂ, ಆಗ ಉಮರ್ಗಾ ತಾಲೂಕಿನಲ್ಲಿದ್ದು ಈಗ ಲೋಹಾರಾ ತಾಲೂಕಿಗೆ ಸೇರಿರುವ ಸಾಸ್ತೂರನ್ನೂ, ಸುತ್ತಲಿನ ಹತ್ತಾರು ಹಳ್ಳಿಗಳನ್ನೂ ನೆಲಸಮ ಮಾಡಿತು. ಸತ್ತವರ ಸಂಖ್ಯೆಯನ್ನು ಎಂಟರಿಂದ ಹತ್ತು ಸಾವಿರದವರೆಗೆ ಅಂದಾಜಿಸಲಾಗಿದೆ. ಭೂಕಂಪದ ತೀವ್ರತೆ ಆರರಿಂದ ಆರೂವರೆಯ ನಡುವಿನದಾಗಿದ್ದು, ಜಗತ್ತಿನ ಇತರೆಡೆ ಇಂಥ ಕಂಪನಗಳು ಇಷ್ಟು ಪ್ರಾಣಗಳನ್ನು ಬಲಿ ತೆಗೆದುಕೊಂಡದ್ದು ಅಪರೂಪವಾದ್ದರಿಂದ, ಕಾರಣವನ್ನು ಭೂಮಿಯ ಆಳದಷ್ಟೇ ಮನೆಯ ಗೋಡೆಯಲ್ಲೂ ಹುಡುಕಬೇಕಾಯಿತು.

ಆ ಮನೆ ಎಂಥದ್ದೆಂಬುದನ್ನು ಗಡಿಯ ಎರಡೂ ಕಡೆಯವರಿಗೆ ವಿವರಿಸುವ ಅಗತ್ಯವಿಲ್ಲವಾದರೂ, ಅದು ಬಿದ್ದ ಬಗೆಯನ್ನು ವಿವರಿಸುವುದು ಅಗತ್ಯ. ಕಪ್ಪು ಕಲ್ಲನ್ನು ಮಣ್ಣಿನ ಕೆಸರಿನಲ್ಲಿ ಜೋಡಿಸಿ ಎರಡು ಅಡಿಗಿಂತ ದಪ್ಪವಾಗಿ ಎಬ್ಬಿಸಿದ ಗೋಡೆ, ಒಳಗೆ ಕಂಬ, ತೊಲೆ, ಜಂತಿಗಳ ಚೌಕಟ್ಟು, ಅದರ ಮೇಲೆ ಬಿಳಿಮಣ್ಣಿನ ಮಾಳಿಗೆ. ಮಳೆಗಾಲಕ್ಕೆ ಮುಂಚೆ ಸೋರಿಕೆ ತಡೆಯಲು ಹೊಸ ಮಣ್ಣು ಹಾಕುವ ರೂಢಿಯಿಂದ ಆ ಮಾಳಿಗೆ ತಲೆಮಾರಿನಿಂದ ತಲೆಮಾರಿಗೆ ದಪ್ಪವಾಗುತ್ತ ಹೋಗುತ್ತಿತ್ತು. ಹೊರಗಿನಿಂದ ಒಂದೇ ಎಂದು ಕಾಣುವ ಗೋಡೆ ವಾಸ್ತವದಲ್ಲಿ ಒಳಮುಖ ಮತ್ತು ಹೊರಮುಖ ಎಂಬ ಎರಡು ತೆಳುಗೋಡೆಗಳಾಗಿದ್ದು, ನಡುವಿನ ಜಾಗವನ್ನು ಚೂರುಕಲ್ಲು ಮತ್ತು ಮಣ್ಣಿನಿಂದ ತುಂಬಲಾಗಿರುತ್ತಿತ್ತು. ಒಳಮುಖದಿಂದ ಹೊರಮುಖದವರೆಗೆ ಆರುಪಾರಾಗಿ ಹಾಯುವ ಉದ್ದಗಲ್ಲುಗಳು ಅಲ್ಲಲ್ಲಿ ಇದ್ದಿದ್ದರೆ ಎರಡೂ ಮುಖಗಳು ಕೂಡಿ ನಿಲ್ಲುತ್ತಿದ್ದವು. ಬಹುತೇಕ ಮನೆಗಳಲ್ಲಿ ಅವು ಇರಲಿಲ್ಲವಾದ್ದರಿಂದ ಕಂಪನಕ್ಕೆ ಗೋಡೆ ಸೀಳಿ ಎರಡೂ ಬದಿಗೆ ಸುರಿಯಿತು, ಕಲ್ಲು ಮಣ್ಣುಗಳ ಕೆಳಗೆ ಮಲಗಿದ್ದವರಿಗೆ ಉಸಿರಾಡಲೂ ಎಡೆ ಸಿಗಲಿಲ್ಲ. ಅನೇಕ ಕಡೆ ಗೋಡೆ ಬಿದ್ದ ಮೇಲೂ ಮರದ ಚೌಕಟ್ಟು ನಿಂತೇ ಇತ್ತೆಂಬುದು ಗಮನಿಸಬೇಕಾದ ಮಾತು, ಏಕೆಂದರೆ ಬಡಿಗನ ಕಸುಬು ಉಳಿಸಿದ್ದನ್ನು ಗೋಡೆ ಕಟ್ಟುವ ಕಸುಬಿನಲ್ಲಿನ ಒಂದೇ ಒಂದು ಕೊರತೆ ಕಳೆಯಿತು.

ಮಹಾರಾಷ್ಟ್ರ ಸರ್ಕಾರ ವಿಶ್ವಬ್ಯಾಂಕಿನ ನೆರವಿನೊಡನೆ 1994ರಿಂದ ನಡೆಸಿದ ಪುನರ್ವಸತಿ ಕಾರ್ಯಕ್ರಮ ಹಳ್ಳಿಗಳನ್ನು ಮೂರು ವರ್ಗಗಳಾಗಿ ವಿಂಗಡಿಸಿತು. ಪೂರ್ತಿ ನಾಶವಾದ 52 ಹಳ್ಳಿಗಳನ್ನು ಬೇರೆ ಜಾಗಕ್ಕೆ ಸ್ಥಳಾಂತರಿಸುವುದು ಮೊದಲನೆಯದು. ಕೆಲವು ಹಳ್ಳಿಗಳನ್ನು ಇದ್ದಲ್ಲಿಯೇ ಮತ್ತೆ ಕಟ್ಟುವುದು ಎರಡನೆಯದು. ಬಿರುಕು ಬಿಟ್ಟ ಲಕ್ಷಾಂತರ ಮನೆಗಳ ಒಡೆಯರಿಗೆ ಹಣ, ಸಾಮಗ್ರಿ ಮತ್ತು ತಾಂತ್ರಿಕ ಸಲಹೆ ಕೊಟ್ಟು ಅವರಿಂದಲೇ ದುರಸ್ತಿ ಮತ್ತು ಬಲವರ್ಧನೆ ಮಾಡಿಸುವುದು ಮೂರನೆಯದು. ಒಂದೇ ಇಲಾಖೆ, ಒಂದೇ ನಿಧಿ, ಒಂದೇ ಕಾಲ. ಆದರೂ ಮೊದಲ ಮತ್ತು ಮೂರನೆಯ ವಿಧಾನಗಳ ಫಲ ಎಷ್ಟು ಭಿನ್ನವಾಯಿತೆಂಬುದರಲ್ಲಿ ಇಂದಿನ ಬಡಾವಣೆಗಳಿಗೆ ಬೇಕಾದ ಪಾಠವೆಲ್ಲ ಅಡಗಿದೆ.

ಸ್ಥಳಾಂತರಗೊಂಡ ಹಳ್ಳಿಗಳ ನಕ್ಷೆಯನ್ನು ನಗರ ಯೋಜನೆಯ ಪದ್ಧತಿಯಂತೆ, ನೇರ ರಸ್ತೆಗಳು ಒಂದನ್ನೊಂದು ಅಡ್ಡಹಾಯುವ ಚೌಕುಳಿ ವಿನ್ಯಾಸದಲ್ಲಿ ಬರೆಯಲಾಯಿತು. ಮನೆಯ ಅಳತೆಯನ್ನು ಕುಟುಂಬದ ಜಮೀನಿನ ಆಧಾರದ ಮೇಲೆ ನಿಗದಿಪಡಿಸಲಾಗಿದ್ದು, ಭೂಹೀನರಿಗೆ ಮತ್ತು ಅತಿಚಿಕ್ಕ ಹಿಡುವಳಿಯವರಿಗೆ 250 ಚದರ ಅಡಿ, ಮಧ್ಯಮ ಹಿಡುವಳಿಯವರಿಗೆ 400, ದೊಡ್ಡ ಹಿಡುವಳಿಯವರಿಗೆ 750 ಚದರ ಅಡಿಯ ಮನೆಗಳು ಸಿಕ್ಕವು. ಹೀಗಾಗಿ ಹಳೆಯ ಊರಿನ ಅಂತಸ್ತು ಹೊಸ ಊರಿನ ನಕ್ಷೆಯಲ್ಲಿ ಗೆರೆ ಕೊರೆದಂತೆ ನಿಂತುಬಿಟ್ಟಿತು, ಒಂದೇ ಓಣಿಯಲ್ಲಿ ಬೆನ್ನಿಗೆ ಬೆನ್ನು ಹಚ್ಚಿ ಬದುಕಿದ್ದ ಅಣ್ಣತಮ್ಮಂದಿರು, ನೆರೆಹೊರೆಯವರು ದೂರದೂರದ ಸಾಲುಗಳಿಗೆ ಚದುರಿದರು. ಎತ್ತು, ಆಕಳು, ಮೇವಿನ ಬಣವೆ, ಕಾಳಿನ ಚೀಲ, ಕೃಷಿಯ ಸಲಕರಣೆ, ಇವುಗಳಿಗೆ ಕಾಂಕ್ರೀಟಿನ ಆ ಕೋಣೆಗಳಲ್ಲಿ ಜಾಗವಿರಲಿಲ್ಲ. ದಪ್ಪ ಗೋಡೆಯ ಮನೆ ಬೇಸಿಗೆಯಲ್ಲಿ ಕೊಡುತ್ತಿದ್ದ ತಂಪೂ ಅವುಗಳಲ್ಲಿರಲಿಲ್ಲ. ಗುಬಾಳ ಎಂಬ ಹಳ್ಳಿಯಲ್ಲಿ ದಾನಿಗಳ ನೆರವಿನಿಂದ ಗುಮ್ಮಟದ ಆಕಾರದ ಮನೆಗಳನ್ನು ಕಟ್ಟಲಾಯಿತು; ಭೂಕಂಪಕ್ಕೆ ಅವು ಗಟ್ಟಿಯೆಂಬುದು ನಿಜವಾದರೂ, ದುಂಡನೆಯ ಗೋಡೆಗೆ ಕಪಾಟು ಆನಿಸಲಾರದೆ, ಮುಂದೆ ಒಂದು ಕೋಣೆ ಹೆಚ್ಚಿಸಲಾರದೆ ಕುಟುಂಬಗಳು ಕಷ್ಟಪಟ್ಟವು. ವಿಶಾಲವಾದ ರಸ್ತೆಗಳು, ಉದ್ದುದ್ದ ಚರಂಡಿ ಮತ್ತು ನೀರಿನ ಕೊಳವೆಗಳು ಕಾಗದದ ಮೇಲೆ ಅಚ್ಚುಕಟ್ಟಾಗಿ ಕಂಡರೂ, ಅವುಗಳನ್ನು ವರ್ಷವರ್ಷವೂ ದುರಸ್ತಿ ಮಾಡುವ ಹೊಣೆ ಬಿದ್ದದ್ದು ಅಲ್ಪ ಆದಾಯದ ಗ್ರಾಮ ಪಂಚಾಯತಿಗಳ ಮೇಲೆ. ಊರು ಎಷ್ಟು ಹರಡುತ್ತದೆಯೋ ಪ್ರತಿ ಮನೆಯ ಪಾಲಿನ ಕೊಳವೆ, ದೀಪ, ಡಾಂಬರು ಅಷ್ಟೇ ಹೆಚ್ಚಾಗುತ್ತವೆಂಬ ಸರಳ ಲೆಕ್ಕ ಆಗ ಯಾರ ಗಣನೆಗೂ ಬಂದಂತಿಲ್ಲ.

ದುರಸ್ತಿಯ ಕಾರ್ಯಕ್ರಮ ಇದಕ್ಕಿಂತ ಕಡಿಮೆ ಹೆಸರು ಪಡೆದದ್ದು, ಆದರೆ ಹೆಚ್ಚು ಆಳವಾಗಿ ಇಳಿದದ್ದು. ಮನೆಯೊಡೆಯನೇ ಗೌಂಡಿಯನ್ನು ಗೊತ್ತುಮಾಡಿ, ಮಾಳಿಗೆಯ ಹೆಚ್ಚುವರಿ ಮಣ್ಣನ್ನು ಇಳಿಸಿ, ಗೋಡೆಯಲ್ಲಿ ಅಲ್ಲಲ್ಲಿ ರಂಧ್ರ ತೆಗೆದು ಕಬ್ಬಿಣದ ಸಲಾಕೆಯೊಂದಿಗೆ ಕಾಂಕ್ರೀಟು ತುಂಬಿ ಆರುಪಾರು ಕಲ್ಲಿನ ಕೆಲಸವನ್ನು ಅದರಿಂದ ಮಾಡಿಸಿ, ಕಂಬ ತೊಲೆಗಳು ಕೂಡುವಲ್ಲಿ ಓರೆಯಾದ ಆಸರೆ ಕೊಟ್ಟು, ಗೋಡೆಗಳ ಮೇಲೆ ಸುತ್ತಲೂ ಕಾಂಕ್ರೀಟಿನ ಪಟ್ಟಿಯನ್ನು ಕಟ್ಟಬೇಕಾಗಿತ್ತು. ಈ ಪಟ್ಟಿ ನಾಲ್ಕೂ ಗೋಡೆಗಳನ್ನು ಒಂದೇ ಪೆಟ್ಟಿಗೆಯಂತೆ ಬಿಗಿಯುವುದರಿಂದ ಕಂಪನದಲ್ಲಿ ಒಂದು ಗೋಡೆ ಇನ್ನೊಂದನ್ನು ಬಿಟ್ಟು ಹೊರಬೀಳುವುದಿಲ್ಲ. ಆರಂಭದಲ್ಲಿ ಜನ ಇದನ್ನು ನಂಬದೆ, ಸ್ಥಳಾಂತರವನ್ನೇ ಬೇಡುತ್ತ, ಸಿಕ್ಕ ಹಣದಲ್ಲಿ ಹಳೆಯ ಮನೆಯ ಪಕ್ಕ ಹೊಸ ಕೋಣೆ ಎಬ್ಬಿಸಲು ಮುಂದಾದರು. ಪ್ರೇಮಾ ಗೋಪಾಲನ್ ಅವರ ನೇತೃತ್ವದ ಸ್ವಯಂ ಶಿಕ್ಷಣ ಪ್ರಯೋಗ ಎಂಬ ಸಂಸ್ಥೆಯನ್ನು ಜನರ ಪಾಲ್ಗೊಳ್ಳುವಿಕೆಗಾಗಿ ಸರ್ಕಾರ ನೇಮಿಸಿಕೊಂಡ ನಂತರ ಸ್ಥಿತಿ ಬದಲಾಯಿತು: ಮಹಿಳಾ ಮಂಡಳಗಳಿಂದ ಆಯ್ದ ಹೆಂಗಸರು ಸಂವಾದ ಸಹಾಯಕರೆಂಬ ಹೆಸರಿನಲ್ಲಿ ಮನೆಮನೆಗೆ ಹೋಗಿ ಹಣದ ಕಂತು, ಸಾಮಗ್ರಿಯ ಗುಣ, ಪಟ್ಟಿ ಕಟ್ಟುವ ಕ್ರಮ ಇವೆಲ್ಲವನ್ನೂ ತಿಳಿಹೇಳಿದರು, ಇಂಜಿನಿಯರು ಬಾರದ ದಿನ ಗೌಂಡಿಯ ಕೆಲಸವನ್ನು ತಾವೇ ತಪಾಸಣೆ ಮಾಡಿದರು. ಹಿಂದೆ ಮನೆ ಕಟ್ಟುವಾಗ ನೀರು ಹೊತ್ತು ಮಣ್ಣು ಕಲಸುವುದಕ್ಕಷ್ಟೇ ಕರೆಯಲ್ಪಡುತ್ತಿದ್ದವರು ನಿರ್ಮಾಣದ ಲೆಕ್ಕ ಕೇಳುವವರಾದದ್ದು ಈ ಸೀಮೆಯ ಸಾರ್ವಜನಿಕ ಜೀವನದಲ್ಲಿ ಸಣ್ಣ ಘಟನೆಯಲ್ಲ. 2001ರಲ್ಲಿ ಗುಜರಾತಿನ ಕಚ್ಛ್ ಭೂಕಂಪಕ್ಕೆ ತುತ್ತಾದಾಗ ಲಾತೂರ ಮತ್ತು ಉಸ್ಮಾನಾಬಾದ್ ಜಿಲ್ಲೆಗಳ ಇಂಥ ಹೆಂಗಸರು ಅಲ್ಲಿಗೆ ಹೋಗಿ ಅಲ್ಲಿನವರಿಗೆ ತಮ್ಮ ಅನುಭವ ಹೇಳಿದರು, ಮತ್ತು ಗುಜರಾತಿನಲ್ಲಿ ಮನೆಯೊಡೆಯರೇ ಕಟ್ಟಿಕೊಳ್ಳುವ ಪದ್ಧತಿಗೆ ಮೊದಲಿನಿಂದಲೇ ಪ್ರಾಧಾನ್ಯ ಸಿಕ್ಕಿತು.

ಆರ್ಥಿಕ ದೃಷ್ಟಿಯಿಂದಲೂ ಎರಡು ವಿಧಾನಗಳ ಅಂತರ ದೊಡ್ಡದು. ಸ್ಥಳಾಂತರದ ಕಾಮಗಾರಿ ದೊಡ್ಡ ಗುತ್ತಿಗೆಗಳ ಮೂಲಕ ನಡೆಯಿತಾದ್ದರಿಂದ ಹಣದ ಬಹುಪಾಲು ಬಂದ ದಾರಿಯಲ್ಲೇ ಹೊರಗೆ ಹೋಯಿತು. ದುರಸ್ತಿಯ ಹಣ ಮಾತ್ರ ಹಳ್ಳಿಯ ಗೌಂಡಿ, ಬಡಿಗ, ಕೂಲಿ, ಮರಳು ಸಾಗಿಸುವ ಬಂಡಿಯವ, ತಾಲೂಕು ಪೇಟೆಯ ಅಂಗಡಿಯವ ಎಂದು ಕೈಯಿಂದ ಕೈಗೆ ತಿರುಗಿತು ಮತ್ತು ಕೆಲಸ ಮುಗಿದ ಮೇಲೂ ಒಂದು ಕುಶಲತೆಯನ್ನು ಊರಲ್ಲಿ ಬಿಟ್ಟುಹೋಯಿತು. ಸ್ಥಳೀಯ ಅಭಿವೃದ್ಧಿಯನ್ನು ಅಳೆಯಲು ಇಷ್ಟು ಕೋಟಿ ಖರ್ಚಾಯಿತೆಂಬುದಕ್ಕಿಂತ ಆ ಹಣ ತಾಲೂಕಿನೊಳಗೆ ಎಷ್ಟು ಸುತ್ತು ತಿರುಗಿತೆಂಬುದೇ ನಂಬಲರ್ಹವಾದ ಮಾನದಂಡ.

ಇಷ್ಟಾಗಿಯೂ ಒಂದು ನಷ್ಟವನ್ನು ಒಪ್ಪಿಕೊಳ್ಳಲೇಬೇಕು. ಆರುಪಾರು ಕಲ್ಲಿನ ಕೊರತೆಯಿಂದ ಆದ ಅನಾಹುತವನ್ನು ಜನ ಕಲ್ಲಿನ ದೋಷವೆಂದೇ ತಿಳಿದು ಕಲ್ಲುಗೋಡೆಗೆ ಹೆದರಿದರು. ಕಲ್ಲುಕೆಲಸದ ಮನೆತನಗಳು ಕಸುಬು ಬಿಟ್ಟವು. ಕಾಂಕ್ರೀಟಾದರೆ ಸಾಕು, ಸುರಕ್ಷಿತ ಎಂಬ ಭಾವನೆ ಬೇರೂರಿತು. ಭೂಕಂಪದ ಮುಂಚೆ ಈ ಪ್ರದೇಶ ದೇಶದ ಭೂಕಂಪ ನಕ್ಷೆಯ ಅತಿಕಡಿಮೆ ಅಪಾಯದ ಒಂದನೆಯ ವಲಯದಲ್ಲಿತ್ತು; 2002ರ ಪರಿಷ್ಕರಣೆಯಲ್ಲಿ ಆ ವಲಯವನ್ನೇ ಕೈಬಿಟ್ಟು ಲಾತೂರ ಸೀಮೆಯನ್ನು ಮೂರನೆಯ ವಲಯದಲ್ಲಿ ಸೇರಿಸಲಾಯಿತು. ಹೀಗಿರುವಾಗ ಉಮರ್ಗಾದ ಹೆದ್ದಾರಿಯ ಬದಿಯಲ್ಲೂ ಉದಗೀರದ ಪೇಟೆಯಲ್ಲೂ ಕೆಳಗೆ ಅಂಗಡಿಗಳಿಗಾಗಿ ಗೋಡೆಯಿಲ್ಲದ ಬರಿಯ ಕಂಬಗಳು, ಮೇಲೆ ಎರಡು ಮೂರು ಅಂತಸ್ತಿನ ಇಟ್ಟಿಗೆಗೋಡೆಯ ಮನೆಗಳು ಏಳುತ್ತಿರುವುದು ಆತಂಕ ಹುಟ್ಟಿಸುವಂಥದ್ದು. ಮೇಲಿನ ಅಂತಸ್ತು ಬಿಗಿಯಾಗಿದ್ದು ಕೆಳಗಿನದು ಸಡಿಲವಾಗಿದ್ದರೆ ಕಂಪನದ ಒತ್ತಡವೆಲ್ಲ ಕೆಳಗಿನ ಕಂಬಗಳ ತುದಿಗಳಲ್ಲಿ ಕೂಡಿಕೊಳ್ಳುತ್ತದೆ. 2001ರ ಅದೇ ಕಚ್ಛ್ ಭೂಕಂಪದಲ್ಲಿ ಅಹಮದಾಬಾದಿನ ಹಲವು ಕಟ್ಟಡಗಳು ಕುಸಿದದ್ದು ಇಂಥ ದೌರ್ಬಲ್ಯದಿಂದಲೇ. ಕಂಬದ ಕಬ್ಬಿಣಕ್ಕೆ ಸುತ್ತುವ ಉಂಗುರಗಳನ್ನು ಒತ್ತೊತ್ತಾಗಿ ಕಟ್ಟಿ ಅವುಗಳ ತುದಿಯನ್ನು ಒಳಕ್ಕೆ ಬಾಗಿಸುವುದಕ್ಕೆ ತಗಲುವ ಹೆಚ್ಚಿನ ಖರ್ಚು ಅಲ್ಪ, ಅದರ ಅಗತ್ಯವನ್ನು ಗೌಂಡಿಗೆ ಹೇಳಿಕೊಡುವ ವ್ಯವಸ್ಥೆ ಮಾತ್ರ 1990ರ ದಶಕದ ನಂತರ ಮುಂದುವರಿಯಲಿಲ್ಲ.

ನೆಲದ ಹಕ್ಕಿನ ಪ್ರಶ್ನೆ ಇನ್ನೂ ತೊಡಕಿನದು. ಮಹಾರಾಷ್ಟ್ರದಲ್ಲಿ ಹೊಲವನ್ನು ನಿವೇಶನ ಮಾಡಲು 1966ರ ಭೂಕಂದಾಯ ಸಂಹಿತೆಯಂತೆ ಕೃಷಿಯೇತರ ಪರವಾನಗಿ, ಅಂದರೆ ಜನ ಎನ್‌ಎ ಎಂದು ಕರೆಯುವ ಅನುಮತಿ ಬೇಕಾಗಿತ್ತು; ಅದೇ ವರ್ಷದ ಪ್ರಾದೇಶಿಕ ಮತ್ತು ನಗರ ಯೋಜನಾ ಕಾಯಿದೆಯಂತೆ ವಿನ್ಯಾಸಕ್ಕೆ ಮಂಜೂರಾತಿಯೂ ಬೇಕು. ಅದನ್ನು ತಪ್ಪಿಸಿ ಹೊಲವನ್ನು ಒಂದು ಎರಡು ಗುಂಟೆಗಳಂತೆ ತುಂಡರಿಸಿ ಮಾರಿದ ಬಡಾವಣೆಗಳಿಗೆ ಗುಂಠೇವಾರಿ ಎಂಬ ಹೆಸರು ಬಂದು, ಅವುಗಳನ್ನು ಸಕ್ರಮಗೊಳಿಸಲು 2001ರಲ್ಲಿ ಕಾಯಿದೆಯಾಯಿತು, 2021ರಲ್ಲಿ ತಿದ್ದುಪಡಿಯ ಮೂಲಕ ಗಡುವನ್ನು 2020ರ ಡಿಸೆಂಬರ್‌ವರೆಗೆ ಮುಂದೂಡಲಾಯಿತು. ಕಾನೂನು ಹೀಗೆ ಮನೆಗಳ ಹಿಂದೆ ನಡೆದುಬಂದದ್ದರಿಂದ ರಸ್ತೆ, ಚರಂಡಿ, ಶಾಲೆಗೆ ಬಿಡಬೇಕಾದ ಜಾಗ ಮೊದಲೇ ಮಾರಾಟವಾಗಿ, ಅನಂತರ ಅವುಗಳನ್ನು ಎಲ್ಲಿ ತೂರಿಸಬೇಕೆಂದು ನಗರಪರಿಷತ್ತು ಹುಡುಕುವಂತಾಗಿದೆ. ಗಡಿಸೀಮೆಯಲ್ಲಿ ಇದಕ್ಕೆ ನಿಜಾಮರ ಕಾಲದ ದಾಖಲೆಗಳ ತೊಡಕೂ ಕೂಡಿಕೊಂಡಿದೆ: ಇನಾಮು ಭೂಮಿ, ದೇವಸ್ಥಾನ ಮತ್ತು ದರ್ಗಾಗಳ ಸೇವಾ ಭೂಮಿ, ಊರ ದನಗಳಿಗೆಂದು ಬಿಟ್ಟ ಗಾಯರಾಣ, ಇವುಗಳ ಮೂಲ ಕಾಗದ ಉರ್ದುವಿನಲ್ಲಿದ್ದರೆ ಇಂದಿನ ಸಾತ್‌ಬಾರಾ, ಅಂದರೆ ಕರ್ನಾಟಕದ ಪಹಣಿಗೆ ಸಮಾನವಾದ ಉತಾರೆ, ಮರಾಠಿಯಲ್ಲಿರುತ್ತದೆ, ಕನ್ನಡ ಮನೆಮಾತಿನ ಕೊಳ್ಳುವವ ಎರಡನ್ನೂ ಓದಲಾರದೆ ದಲ್ಲಾಳಿಯ ಮಾತನ್ನೇ ನಂಬಬೇಕಾಗುತ್ತದೆ. ನಿವೇಶನ ಕೊಳ್ಳುವವರಿಗೆ ಈ ದಾಖಲೆಗಳನ್ನು ಓದಿ ತಿಳಿಸುವ ಸಹಾಯಕರು ತಾಲೂಕು ಕಚೇರಿಯಲ್ಲಿ ಇರುವುದು ಸಂವಾದ ಸಹಾಯಕರ ಹಳೆಯ ಕ್ರಮವನ್ನೇ ಮುಂದುವರಿಸಿದಂತೆ, ಮತ್ತು ಅದಕ್ಕೆ ಹೊಸ ಕಾಯಿದೆಯ ಅಗತ್ಯವೂ ಇಲ್ಲ.

ನೀರಿನ ವಿಷಯದಲ್ಲಿ ಎಚ್ಚರಿಕೆ 2016ರಲ್ಲೇ ದೊರೆತಿದೆ. ಮಾಂಜ್ರಾ ಜಲಾಶಯ ಬತ್ತಿ, ಲಾತೂರ ನಗರಕ್ಕೆ ಮೀರಜ್‌ನಿಂದ ರೈಲಿನಲ್ಲಿ ನೀರು ತರಬೇಕಾದ ಆ ಬೇಸಿಗೆಯಲ್ಲಿ ಸುತ್ತಲಿನ ಪಟ್ಟಣಗಳು ಟ್ಯಾಂಕರುಗಳ ಮೇಲೆ ಬದುಕಿದವು. ಕಪ್ಪು ಕಲ್ಲಿನ ಈ ನೆಲದಲ್ಲಿ ಅಂತರ್ಜಲ ಬಿರುಕುಗಳಲ್ಲಷ್ಟೇ ನಿಲ್ಲುವುದರಿಂದ ಒಂದು ಬಡಾವಣೆಯ ಪ್ರತಿ ನಿವೇಶನದಲ್ಲೂ ಕೊರೆದ ಬೋರುಗಳು ಒಂದರ ನೀರನ್ನು ಇನ್ನೊಂದು ಎಳೆದುಕೊಳ್ಳುತ್ತವೆ. ಹಳೆಯ ಊರುಗಳ ಬಾವಿ ಮತ್ತು ಬಾರವಗಳು, ಅಂದರೆ ಕಲ್ಲಿನ ಮೆಟ್ಟಿಲುಬಾವಿಗಳು, ಹತ್ತಾರು ಮನೆಗಳಿಗೆ ಒಂದರಂತೆ ಇದ್ದು ಅವುಗಳ ಸುತ್ತಲಿನ ಇಳಿಜಾರನ್ನು ಯಾರೂ ಕಟ್ಟಿಕೊಳ್ಳುತ್ತಿರಲಿಲ್ಲ. ಬಡಾವಣೆಗೆ ಮಂಜೂರಾತಿ ಕೊಡುವಾಗ ಸಾರ್ವಜನಿಕ ಉಪಯೋಗಕ್ಕೆ ಬಿಡಿಸುವ ಜಾಗ ಸಾಮಾನ್ಯವಾಗಿ ಯಾರಿಗೂ ಬೇಡವಾದ ಮೂಲೆಯೇ ಆಗಿರುತ್ತದೆ. ಅದರ ಬದಲು ಆ ಹೊಲದ ಅತ್ಯಂತ ತಗ್ಗಿನ ಭಾಗವನ್ನೇ ಬಿಡಿಸಿಕೊಂಡು ಮಳೆನೀರು ಇಂಗಲು ಮೀಸಲಿಟ್ಟರೆ ಬಡಾವಣೆಯ ಬೋರುಗಳಿಗೆ ಆಧಾರವಾಗುತ್ತದೆ, ಮಳೆಗಾಲದಲ್ಲಿ ಕೆಳಗಿನ ಓಣಿಗಳಿಗೆ ನುಗ್ಗುವ ನೀರಿಗೂ ತಡೆಯಾಗುತ್ತದೆ.